ಬಲಗಡೆಯ ಕುರ್ಚಿಯ ಬೆಲೆ

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯ ಜನರಿಗೆ ವಿಮಾನವೆಂಬುದು ಬಹುಕಾಲ ಹೊಲದ ಬದುವಿನ ಮೇಲೆ ನಿಂತು ತಲೆಯೆತ್ತಿ ನೋಡುವ ವಸ್ತುವಾಗಿತ್ತು. 2003ರ ಆಗಸ್ಟ್ ತಿಂಗಳಿನಲ್ಲಿ ಕ್ಯಾಪ್ಟನ್ ಜಿ. ಆರ್. ಗೋಪಿನಾಥರ ಏರ್ ಡೆಕ್ಕನ್ ಸಂಸ್ಥೆ ಬೆಂಗಳೂರು-ಹುಬ್ಬಳ್ಳಿಗಳ ನಡುವೆ ತನ್ನ ಪ್ರಯಾಣಿಕ ಸಂಚಾರವನ್ನು ಆರಂಭಿಸಿದ ಮೇಲೆ ಅದು ಹತ್ತಿ ಕೂರುವ ವಸ್ತುವಾಯಿತು. ಶಿಗ್ಗಾವಿಯಿಂದ ಹುಬ್ಬಳ್ಳಿಯ ನಿಲ್ದಾಣಕ್ಕೆ ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆಯ ದಾರಿ. ಹಿರೇಕೆರೂರಿನಿಂದ ಅದರ ಇಮ್ಮಡಿಗೂ ಮೇಲೆ. ಟಿಕೆಟ್ಟಿನ ಬೆಲೆ ಇಳಿದ ಹಾಗೆ ಇನ್ನೊಂದು ಆಸೆ ಏರತೊಡಗಿತು. ವಿಮಾನದಲ್ಲಿ ಕೂರುವುದು ಸಾಧ್ಯವಾದ ಮೇಲೆ ಅದನ್ನು ನಡೆಸುವುದು ಏಕೆ ಸಾಧ್ಯವಾಗಬಾರದು? ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತಗಳನ್ನು ಓದಿದ ಮಗನೋ ಮಗಳೋ ಇರುವ ಮನೆಗಳಲ್ಲಿ ಇಂಜಿನಿಯರಿಂಗ್, ಮೆಡಿಕಲ್ ಎಂಬ ಎರಡು ಮಂತ್ರಗಳ ಜೊತೆಗೆ ಪೈಲಟ್ ಎಂಬ ಮೂರನೆಯದೂ ಕೇಳಿಬಂದಿತು.

ಆಸೆಯಲ್ಲಿ ತಪ್ಪೇನೂ ಇಲ್ಲ. ಅದರ ಲೆಕ್ಕ ಮಾತ್ರ ಹೆಚ್ಚಿನ ಮನೆಗಳಲ್ಲಿ ಅರ್ಧವೇ ಗೊತ್ತಿರುತ್ತದೆ.

ವಾಣಿಜ್ಯ ವಿಮಾನಚಾಲಕನ ಪರವಾನಗಿ ಪಡೆಯಲು ನಮ್ಮ ದೇಶದ ನಿಯಮದಂತೆ 200 ಗಂಟೆಗಳ ಹಾರಾಟ ಬೇಕು. ಖಾಸಗಿ ತರಬೇತಿ ಶಾಲೆಗಳಲ್ಲಿ ಇದಕ್ಕೆ ಸುಮಾರು 40ರಿಂದ 60 ಲಕ್ಷ ರೂಪಾಯಿಗಳಾಗುತ್ತವೆ. ಮೈಸೂರು ಸಂಸ್ಥಾನದ ಕೊನೆಯ ವರ್ಷಗಳಲ್ಲಿ ಜಯಚಾಮರಾಜ ಒಡೆಯರ ಆಶ್ರಯದಿಂದ ಬೆಂಗಳೂರಿನ ಜಕ್ಕೂರಿನಲ್ಲಿ ಹುಟ್ಟಿಕೊಂಡ ಸರಕಾರಿ ವೈಮಾನಿಕ ತರಬೇತಿ ಶಾಲೆಯಲ್ಲಿ ಶುಲ್ಕ ಕಡಿಮೆ. ಆದರೆ ಅಲ್ಲಿಯ ಸ್ಥಾನಗಳೂ ಕಡಿಮೆ, ನಡುವೆ ಹಲವು ವರ್ಷ ತರಬೇತಿ ಕುಂಟುತ್ತ ನಡೆದದ್ದೂ ಉಂಟು. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರವು ಬೆಳಗಾವಿ, ಕಲಬುರಗಿ ನಿಲ್ದಾಣಗಳಲ್ಲಿ ತರಬೇತಿ ಶಾಲೆಗಳಿಗೆ ಜಾಗ ಹಂಚಿತು. ಉತ್ತರ ಕರ್ನಾಟಕದ ಹುಡುಗರಿಗೆ ಶಾಲೆ ಹತ್ತಿರವಾಯಿತು, ಶುಲ್ಕ ಮಾತ್ರ ಹತ್ತಿರವಾಗಲಿಲ್ಲ.

60 ಲಕ್ಷವನ್ನು ಸಾಲ ತಂದರೆ ಏನಾಗುತ್ತದೆಂದು ನೋಡಬಹುದು. ನೂರಕ್ಕೆ 11ರ ಬಡ್ಡಿ, ಹತ್ತು ವರ್ಷಗಳ ಅವಧಿ ಎಂದಿಟ್ಟುಕೊಂಡರೆ ತಿಂಗಳ ಕಂತು 82,000 ರೂಪಾಯಿಗಳಿಗೂ ಮೇಲಾಗುತ್ತದೆ. ಇಷ್ಟು ದೊಡ್ಡ ವಿದ್ಯಾಭ್ಯಾಸದ ಸಾಲಕ್ಕೆ ಬ್ಯಾಂಕು ಆಧಾರ ಕೇಳುತ್ತದೆ. ಹೊಲವನ್ನು ಆಧಾರವಾಗಿ ಸ್ವೀಕರಿಸಲು ಬ್ಯಾಂಕುಗಳು ಹಿಂದೆಮುಂದೆ ನೋಡುತ್ತವೆ, ಏಕೆಂದರೆ ಸಾಲ ಮುಳುಗಿದಾಗ ಕೃಷಿ ಭೂಮಿಯನ್ನು ವಶಪಡಿಸಿಕೊಳ್ಳುವುದು ಅವಕ್ಕೆ ಸುಲಭವಲ್ಲ. ಆದ್ದರಿಂದ ಊರೊಳಗಿನ ಮನೆ ಅಡವಿಗೆ ಹೋಗುತ್ತದೆ. ಸಾಲದ್ದಕ್ಕೆ ಹೊಲವೇ ಮಾರಾಟವಾಗುತ್ತದೆ. ಹಾನಗಲ್ಲಿನ ಮಾವಿನ ತೋಪಾಗಲಿ, ಸವಣೂರಿನ ಎಲೆಬಳ್ಳಿಯ ತೋಟವಾಗಲಿ, ಹಿರೇಕೆರೂರಿನ ಗೋವಿನಜೋಳದ ಎರೆಯಾಗಲಿ ಒಂದು ಸಲ ಕೈಬಿಟ್ಟರೆ ಮತ್ತೆ ಕೈಗೆ ಬರುವ ವಸ್ತುಗಳಲ್ಲ.

ಇಷ್ಟೆಲ್ಲ ಆದ ಮೇಲೆ ಹುಡುಗನ ಕೈಯಲ್ಲಿ ಪರವಾನಗಿ ಇರುತ್ತದೆ. ಕೆಲಸವಿರುವುದಿಲ್ಲ. ಸಂತೆಯ ದಿನ ತಂದೆಯನ್ನು ಎದುರುಗೊಂಡವರು, “ಗೌಡ್ರ, ನಿಮ್ಮ ಹುಡುಗ ಯಾವ ವಿಮಾನದಾಗ ಅದಾನ್ರೀ?” ಎಂದು ಕೇಳಿದರೆ ಅವರು ಕೊಡುವ ಉತ್ತರ ಒಂದೇ: “ಇನ್ನೊಂದು ಸಣ್ಣ ಕೋರ್ಸ್ ಐತಂತ್ರೀ.”

ಆ ಸಣ್ಣ ಕೋರ್ಸಿನ ಹೆಸರು ಟೈಪ್ ರೇಟಿಂಗ್. 200 ಗಂಟೆಗಳನ್ನು ಹುಡುಗ ಕಳೆದದ್ದು ಹೆಚ್ಚಾಗಿ ಎರಡೋ ನಾಲ್ಕೋ ಜನ ಕೂರುವ ಪುಟ್ಟ ವಿಮಾನಗಳಲ್ಲಿ. 180 ಜನರನ್ನು ಹೊತ್ತೊಯ್ಯುವ ಏರ್‌ಬಸ್ ಅಥವಾ ಬೋಯಿಂಗ್ ನಡೆಸಬೇಕಾದರೆ ಆ ಜಾತಿಯ ವಿಮಾನಕ್ಕೆಂದೇ ಬೇರೆ ಶಿಕ್ಷಣ ಪಡೆಯಬೇಕು: ತರಗತಿಯ ಪಾಠ, ಸಿಮ್ಯುಲೇಟರ್ ಎಂಬ ಕೃತಕ ಯಂತ್ರದಲ್ಲಿ ಅಭ್ಯಾಸ, ಕೊನೆಗೆ ನಿಜವಾದ ವಿಮಾನದಲ್ಲಿ ಕೆಲವು ಸಲ ಇಳಿಸಿ ಏರಿಸುವ ಪರೀಕ್ಷೆ. ಇದಕ್ಕೆ ಮತ್ತೆ 15ರಿಂದ 25 ಲಕ್ಷ ರೂಪಾಯಿಗಳು. ಹಿಂದೆ ಇಂಡಿಯನ್ ಏರ್‌ಲೈನ್ಸ್‌ನಂತಹ ಸಂಸ್ಥೆಗಳು ತಾವು ಆರಿಸಿಕೊಂಡ ತರುಣರಿಗೆ ಈ ವಿದ್ಯೆಯನ್ನು ತಾವೇ ಕಲಿಸುತ್ತಿದ್ದವು. ಅದಕ್ಕೆಂದೇ ಹೈದರಾಬಾದಿನಲ್ಲಿ ಒಂದು ದೊಡ್ಡ ತರಬೇತಿ ಕೇಂದ್ರವಿತ್ತು. ಖಾಸಗಿ ಸಂಸ್ಥೆಗಳ ಕಾಲ ಬಂದ ಮೇಲೆ ಈ ಖರ್ಚು ಮೆಲ್ಲಗೆ ಸಂಸ್ಥೆಯ ಪುಸ್ತಕದಿಂದ ಜಾರಿ ಹುಡುಗನ ಮನೆಯ ಪುಸ್ತಕಕ್ಕೆ ಬಂದು ಕುಳಿತಿತು. ಈಚಿನ ಪದ್ಧತಿ ಇನ್ನೂ ಅಚ್ಚುಕಟ್ಟು. ಪಿಯುಸಿ ಮುಗಿಸಿದವರನ್ನೇ ‘ಕೆಡೆಟ್’ ಎಂದು ಆರಿಸಿ, ಮೊದಲ ಪಾಠದಿಂದ ಟೈಪ್ ರೇಟಿಂಗಿನವರೆಗೆ ಒಟ್ಟಾಗಿ ಒಂದು ಕೋಟಿ ರೂಪಾಯಿಯಷ್ಟು ಅಥವಾ ಅದಕ್ಕೂ ಮೇಲೆ ತೆರಿಸಿಕೊಳ್ಳುತ್ತಾರೆ. ಕೊನೆಯಲ್ಲಿ ಷರತ್ತುಗಳಿಗೆ ಒಳಪಟ್ಟ ಒಂದು ಉದ್ಯೋಗದ ಭರವಸೆ ಇರುತ್ತದೆ.

ವಿದೇಶಗಳಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಯೂರೋಪಿನಲ್ಲಿ ಹೊಸ ಚಾಲಕನು ಒಬ್ಬ ಮಧ್ಯವರ್ತಿಗೆ ಹಣ ತೆತ್ತು, ಟಿಕೆಟ್ ಕೊಂಡ ಪ್ರಯಾಣಿಕರು ತುಂಬಿದ ವಿಮಾನದಲ್ಲಿ ಸಹಚಾಲಕನಾಗಿ ಕೆಲವು ನೂರು ಗಂಟೆ ದುಡಿಯುವ ಏರ್ಪಾಡುಗಳು ಹುಟ್ಟಿಕೊಂಡವು. ಹಾರಿಸುವುದಕ್ಕೆ ಅವನಿಗೆ ಸಂಬಳವಿಲ್ಲ, ಅವನೇ ತೆರುತ್ತಾನೆ. 2015ರಲ್ಲಿ ಬೆಲ್ಜಿಯಮ್ಮಿನ ಗೆಂಟ್ ವಿಶ್ವವಿದ್ಯಾಲಯದ ವಿದ್ವಾಂಸರು ಯೂರೋಪಿನ ವಿಮಾನೋದ್ಯೋಗದ ಸ್ಥಿತಿಗತಿಗಳ ಬಗ್ಗೆ ಸಿದ್ಧಪಡಿಸಿದ ವರದಿ ಈ ಪದ್ಧತಿಯನ್ನು ಬಯಲಿಗೆಳೆಯಿತು. ಅಲ್ಲಿಯ ಚಾಲಕರ ಸಂಘಗಳು ಅದನ್ನು ನಿಷೇಧಿಸಬೇಕೆಂದು ಹೋರಾಡಿದವು. ಆ ವಿಮಾನದ ಹಿಂಭಾಗದಲ್ಲಿ ಕುಳಿತವರೂ ಹಣ ಕೊಟ್ಟು ಕುಳಿತವರು, ಮುಂಭಾಗದಲ್ಲಿ ಬಲಗಡೆ ಕುಳಿತವನೂ ಹಣ ಕೊಟ್ಟು ಕುಳಿತವನು. ಮುಂದಿನ ಟಿಕೆಟ್ಟಿನ ಬೆಲೆ ಮಾತ್ರ ಬಹಳ ಹೆಚ್ಚು.

ಕಲಿಯುವುದಕ್ಕೆ ಹಣ ಕೊಡುವುದರಲ್ಲಿ ಹೊಸದೇನಿದೆ ಎಂದು ಯಾರಾದರೂ ಕೇಳಿಯಾರು. ಜೆ. ಆರ್. ಡಿ. ಟಾಟಾ ಅವರೂ 1929ರಲ್ಲಿ ಮುಂಬಯಿಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ ತಮ್ಮ ಹಣದಿಂದಲೇ ಹಾರಲು ಕಲಿತರು. 1932ರ ಅಕ್ಟೋಬರ್ 15ರಂದು ಅವರು ಕರಾಚಿಯಿಂದ ಅಂಚೆಯ ಚೀಲಗಳನ್ನು ಹೊತ್ತು ಮುಂಬಯಿಗೆ ಬಂದಿಳಿದಾಗ, ಅಲ್ಲಿಂದ ನಮ್ಮ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಆ ಅಂಚೆಯನ್ನು ಒಯ್ದ ನೆವಿಲ್ ವಿನ್ಸೆಂಟ್ ಕೂಡ ಅನುಭವಿ ವೈಮಾನಿಕರು. ಯಾರೂ ಇವರಿಗೆ ಪುಕ್ಕಟೆಯಾಗಿ ವಿಮಾನ ಕೊಟ್ಟಿರಲಿಲ್ಲ. ವಿದ್ಯೆಗೆ ಬೆಲೆ ತೆರುವುದು ನಮ್ಮ ನಾಡಿನ ಹಳೆಯ ಮರ್ಯಾದೆಯೂ ಹೌದು. ಸವಣೂರು-ಶಿಗ್ಗಾವಿಗಳಿಗೆ ನೆರೆಯ ಕುಂದಗೋಳದಲ್ಲಿ ಸವಾಯಿ ಗಂಧರ್ವರಿದ್ದರು. ಹಾನಗಲ್ಲನ್ನೇ ಮನೆತನದ ಹೆಸರಾಗಿ ಹೊತ್ತ ಗಂಗೂಬಾಯಿಯವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಅಲ್ಲಿಗೆ ಹೋಗಿ ಬಂದು ವರ್ಷಗಟ್ಟಲೆ ಕಲಿತರು. ಗುರುವಿನ ಮನೆಯಲ್ಲಿ ನೀರು ಹೊತ್ತ ಶಿಷ್ಯರುಂಟು, ದಕ್ಷಿಣೆ ಕೊಟ್ಟವರುಂಟು. ಆದರೆ ಕಛೇರಿಯಲ್ಲಿ ಕುಳಿತು ಹಾಡಿದ ದಿನ ಹಾಡಿದವರು ಸಂಭಾವನೆ ಪಡೆದರು. ವೇದಿಕೆಗೆ ಹತ್ತುವುದಕ್ಕೆ ಹಣ ಕೊಡು ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹಣವುಳ್ಳವರ ಸಂಗೀತವಷ್ಟೇ ನಮಗೆ ಕೇಳಲು ಉಳಿಯುತ್ತಿತ್ತು.

ವಿದ್ಯೆಗೆ ಕೊಡುವ ಹಣ ಬೇರೆ, ದುಡಿಮೆಗೆ ಕೊಡುವ ಹಣ ಬೇರೆ. ಎರಡರ ನಡುವಿನ ಗೆರೆ ಅಳಿಸಿಹೋದಾಗ ಏನಾಗುತ್ತದೆಂಬುದು ನಮ್ಮ ಊರುಗಳಿಗೆ ಚೆನ್ನಾಗಿ ತಿಳಿದಿದೆ. ಅನುದಾನಿತ ಶಾಲೆಯಲ್ಲಿ ಮಾಸ್ತರಿಕೆ ಸಿಗಬೇಕಾದರೆ ಆಡಳಿತ ಮಂಡಳಿಗೆ ‘ಕಟ್ಟಡ ನಿಧಿ’ ಸಲ್ಲಿಸಬೇಕೆಂಬ ಮಾತನ್ನು ಕೇಳದ ಮನೆ ವಿರಳ. ಹಾಗೆ ಹಣ ಕೊಟ್ಟು ಬಂದ ಮಾಸ್ತರರಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ಶಾಲೆಯಲ್ಲಿ ಏನಾದರೂ ಅನ್ಯಾಯ ಕಂಡಾಗ ಅವರ ಬಾಯಿ ತೆರೆಯುವುದು ಕಷ್ಟ. ಕೊಟ್ಟ ಹಣ ಗಂಟಲಲ್ಲಿ ಕುಳಿತಿರುತ್ತದೆ. ಶಾಲೆಯಲ್ಲಿ ಮಾಸ್ತರನ ಮೌನದಿಂದ ಕೆಡುವುದು ನಿಧಾನವಾಗಿ ಕೆಡುತ್ತದೆ. ವಿಮಾನದಲ್ಲಿ ಅಷ್ಟು ಕಾಲಾವಕಾಶವಿರುವುದಿಲ್ಲ.

ಬಲಗಡೆಯ ಕುರ್ಚಿಯ ಕೆಲಸವೇನೆಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಪ್ರಯಾಣಿಕರಲ್ಲಿ ಹೆಚ್ಚಿನವರಿಗೆ ಅದು ತಿಳಿಯದು. ಎಡಗಡೆ ಕುಳಿತವನು ಕಮಾಂಡರ್. ವಿಮಾನದ ಪೂರ್ಣ ಹೊಣೆ ಅವನದು. ಬಲಗಡೆ ಕುಳಿತವನು ಸಹಚಾಲಕ. ಅವನು ಲಾರಿಯ ಕ್ಲೀನರನಲ್ಲ, ಕಲಿಯಲು ಬಂದ ಪ್ರೇಕ್ಷಕನೂ ಅಲ್ಲ. ಒಬ್ಬ ವಿಮಾನವನ್ನು ಹಾರಿಸುತ್ತಿದ್ದರೆ ಇನ್ನೊಬ್ಬ ಅವನ ಪ್ರತಿಯೊಂದು ಕೆಲಸವನ್ನೂ ನೋಡುತ್ತಿರಬೇಕು. ವೇಗ, ಎತ್ತರ, ದಿಕ್ಕುಗಳಲ್ಲಿ ತಪ್ಪು ಕಂಡರೆ ಕೂಡಲೇ ಗಟ್ಟಿಯಾಗಿ ಹೇಳಬೇಕು. ಹೇಳಿದರೂ ಕೇಳದಿದ್ದರೆ ತಾನೇ ನಿಯಂತ್ರಣ ತೆಗೆದುಕೊಳ್ಳಬೇಕು. ಎರಡು ಕುರ್ಚಿಗಳನ್ನು ಇಟ್ಟಿರುವುದೇ ಒಬ್ಬನ ತಪ್ಪನ್ನು ಇನ್ನೊಬ್ಬ ಹಿಡಿಯಲಿ ಎಂದು. ಸಂದೇಹವಿದ್ದರೆ ಇಳಿಯಬೇಡ, ಮತ್ತೆ ಮೇಲೇರು ಎಂದು ಹಿರಿಯನಿಗೆ ಹೇಳುವ ಧೈರ್ಯವೇ ಆ ಕುರ್ಚಿಯ ಅರ್ಧ ಕೆಲಸ.

ಆ ಧೈರ್ಯ ಎಷ್ಟು ಕಷ್ಟದ್ದೆಂಬುದಕ್ಕೆ ಸಾಕ್ಷಿ ನಮ್ಮ ಕರ್ನಾಟಕದಲ್ಲಿಯೇ ಇದೆ. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆಯಲ್ಲಿ ಓಡುದಾರಿಯನ್ನು ಮೀರಿ ಕಮರಿಗೆ ಬಿದ್ದು 158 ಜನ ಸತ್ತರು. ಬದುಕಿದವರು ಎಂಟೇ ಜನ. ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ನೇತೃತ್ವದ ತನಿಖಾ ನ್ಯಾಯಾಲಯ ಕಂಡುಕೊಂಡ ಸಂಗತಿಗಳು ಮನಸ್ಸನ್ನು ಕಲಕುವಂಥವು. ವಿದೇಶಿ ಕಮಾಂಡರ್ ಹಾರಾಟದ ಬಹುಭಾಗ ನಿದ್ರಿಸಿದ್ದರು. ಇಳಿಯುವ ಹೊತ್ತಿಗೆ ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಸಹಚಾಲಕ ‘ಗೋ ಅರೌಂಡ್’, ಎಂದರೆ ಮತ್ತೆ ಮೇಲೇರಿ ಎಂದು, ಒಂದಕ್ಕಿಂತ ಹೆಚ್ಚು ಸಲ ಹೇಳಿದರು. ಕಮಾಂಡರ್ ಕೇಳಲಿಲ್ಲ. ಸಹಚಾಲಕ ನಿಯಂತ್ರಣವನ್ನು ಕಸಿದುಕೊಳ್ಳಲೂ ಇಲ್ಲ.

ಆ ಸಹಚಾಲಕ ಹಣ ಕೊಟ್ಟು ಕೆಲಸ ಕೊಂಡ ಅನನುಭವಿ ಹುಡುಗನಲ್ಲ. ಸಾವಿರಾರು ಗಂಟೆಗಳ ಅನುಭವವಿದ್ದವರು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಆದ್ದರಿಂದಲೇ ಆ ಪ್ರಕರಣ ಇಲ್ಲಿ ಪ್ರಸ್ತುತ. ಅಷ್ಟು ಅನುಭವಿಗೇ ಹಿರಿಯನ ಕೈಯಿಂದ ವಿಮಾನವನ್ನು ಬಿಡಿಸಿಕೊಳ್ಳಲು ಸಾಧ್ಯವಾಗದಿದ್ದರೆ, 250 ಗಂಟೆಗಳ ಅನುಭವದ, ತಿಂಗಳಿಗೆ 82,000 ರೂಪಾಯಿಗಳ ಕಂತು ತಲೆಯ ಮೇಲಿರುವ, ಊರಿನ ಮನೆ ಅಡವಿರುವ ಹುಡುಗನಿಂದ ಏನನ್ನು ನಿರೀಕ್ಷಿಸಬಹುದು? ಪಕ್ಕದಲ್ಲಿ ಕುಳಿತ ಹಿರಿಯನೇ ನಾಳೆ ಅವನ ಬಗ್ಗೆ ವರದಿ ಬರೆಯಬೇಕಾದವನು. ದಣಿದಿದ್ದೇನೆ, ಇಂದು ಹಾರಲಾರೆ ಎಂದು ಹೇಳಲು ನಿಯಮ ಅವಕಾಶ ಕೊಡುತ್ತದೆ. ಸಾಲ ಕೊಡುವುದಿಲ್ಲ.

ಅಮೆರಿಕ ಈ ಪಾಠವನ್ನು ಬೆಲೆ ತೆತ್ತು ಕಲಿಯಿತು. 2009ರ ಫೆಬ್ರವರಿ 12ರ ರಾತ್ರಿ ಕೊಲ್ಗನ್ ಏರ್ ಸಂಸ್ಥೆಯ ಒಂದು ವಿಮಾನ ಬಫೆಲೋ ನಗರದ ಬಳಿ ಮನೆಯೊಂದರ ಮೇಲೆ ಬಿದ್ದಿತು. ವಿಮಾನದಲ್ಲಿದ್ದ 49 ಜನರೂ ನೆಲದ ಮೇಲಿದ್ದ ಒಬ್ಬರೂ ಸತ್ತರು. ವೇಗ ತೀರ ಕಡಿಮೆಯಾಗಿ ಎಚ್ಚರಿಕೆಯ ಯಂತ್ರ ನಡುಗಿದಾಗ ಮೂತಿಯನ್ನು ಕೆಳಗೆ ಬಾಗಿಸಬೇಕಾದ ಕಮಾಂಡರ್ ಅದನ್ನು ಮೇಲಕ್ಕೆಳೆದಿದ್ದರು. ವಿಚಾರಣೆಯಲ್ಲಿ ಅವರಿಬ್ಬರ ಪೂರ್ವೇತಿಹಾಸ ಹೊರಬಂದಿತು. ಕಮಾಂಡರ್ ಹಿಂದೆ ಹಣ ಕೊಟ್ಟು ಸಹಚಾಲಕನ ಕುರ್ಚಿಯಲ್ಲಿ ಕೂರುವ ಒಂದು ಏರ್ಪಾಡಿನ ಮೂಲಕ ವೃತ್ತಿಗೆ ಬಂದವರು. ಸಹಚಾಲಕಿಯ ವಾರ್ಷಿಕ ಸಂಬಳ ಸುಮಾರು 16,000 ಡಾಲರ್. ಕೆಲಸದ ಊರಿನಲ್ಲಿ ಮನೆ ಮಾಡಲಾಗದೆ ದೇಶದ ಇನ್ನೊಂದು ತುದಿಯಿಂದ ರಾತ್ರಿಯೆಲ್ಲ ಪ್ರಯಾಣ ಮಾಡಿ ಕೆಲಸಕ್ಕೆ ಬಂದಿದ್ದರು. ಹಣ ಕೊಟ್ಟು ಬರುವವರ ಸಾಲು ಬಾಗಿಲಲ್ಲಿ ನಿಂತಿರುವಾಗ ಒಳಗಿರುವವರ ಸಂಬಳ ಏರುವುದಾದರೂ ಹೇಗೆ?

ಸತ್ತವರ ಬಂಧುಗಳು ಸುಮ್ಮನೆ ಕೂರಲಿಲ್ಲ. ಅವರ ಒತ್ತಾಯದಿಂದ 2010ರಲ್ಲಿ ಕಾನೂನಾಯಿತು. 2013ರಿಂದ ಅಮೆರಿಕದ ಪ್ರಯಾಣಿಕ ವಿಮಾನಗಳಲ್ಲಿ ಸಹಚಾಲಕನಿಗೂ ಸಾಮಾನ್ಯವಾಗಿ 1,500 ಗಂಟೆಗಳ ಅನುಭವ ಕಡ್ಡಾಯವಾಯಿತು. ಕೊಲ್ಗನ್ ವಿಮಾನದ ಇಬ್ಬರಿಗೂ 1,500ಕ್ಕಿಂತ ಹೆಚ್ಚು ಗಂಟೆಗಳಿದ್ದವು, ಆದ್ದರಿಂದ ಈ ಔಷಧ ಆ ರೋಗಕ್ಕೆ ಸರಿಯಾದುದಲ್ಲ ಎಂದು ವಾದಿಸುವವರು ಇದ್ದಾರೆ, ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಒಂದು ಪರಿಣಾಮವಾದದ್ದು ನಿಜ. 200 ಗಂಟೆಗಳವನನ್ನು ಹಣ ತೆಗೆದುಕೊಂಡು ಕೂರಿಸುವ ಬಾಗಿಲು ಮುಚ್ಚಿತು. ಚಾಲಕರು ಸಾಲದಾದಾಗ ಅದೇ ಸಣ್ಣ ಸಂಸ್ಥೆಗಳು ಆರಂಭದ ಸಂಬಳವನ್ನು ಹಲವು ಪಟ್ಟು ಏರಿಸಬೇಕಾಯಿತು.

ನಮ್ಮಲ್ಲಿ 1,500 ಗಂಟೆಗಳ ನಿಯಮವಿರುವುದು ಕಮಾಂಡರನಾಗಲು ಬೇಕಾದ ಪರವಾನಗಿಗೆ. ಸಹಚಾಲಕನಿಗೆ 200 ಗಂಟೆ, ಒಂದು ಟೈಪ್ ರೇಟಿಂಗ್ ಸಾಕು. ಸರಿಯಾಗಿ ಕಲಿಸಿ, ಸರಿಯಾಗಿ ಪರೀಕ್ಷಿಸಿದರೆ ಇದೂ ಸಾಕಾದೀತು. ಪ್ರಪಂಚದ ಎಷ್ಟೋ ದೇಶಗಳಲ್ಲಿ ಹೀಗೆಯೇ ಇದೆ. ಆದರೆ ಹಣವೇ ಮುಖ್ಯವಾದ ಕಡೆ ಪರೀಕ್ಷೆ ಸಡಿಲವಾಗುತ್ತದೆ. 2011ರಲ್ಲಿ ನಕಲಿ ಅಂಕಪಟ್ಟಿ ಕೊಟ್ಟು ಉನ್ನತ ಪರವಾನಗಿ ಪಡೆದ ಚಾಲಕರು ಸಿಕ್ಕಿಬಿದ್ದು, ದೇಶದ ಸಾವಿರಾರು ಪರವಾನಗಿಗಳನ್ನು ಮರುಪರಿಶೀಲಿಸಬೇಕಾಯಿತು. ಮಧ್ಯವರ್ತಿಗಳ ಜೊತೆಗೆ ನಾಗರಿಕ ವಿಮಾನಯಾನ ನಿರ್ದೇಶನಾಲಯದ ನೌಕರರೂ ಬಂಧಿತರಾದರು. ಹಾರದೆಯೇ ಹಾರಿದಂತೆ ಪುಸ್ತಕದಲ್ಲಿ ಗಂಟೆಗಳನ್ನು ಬರೆದುಕೊಂಡ ಪ್ರಕರಣವೂ ಅದೇ ವರ್ಷ ರಾಜಸ್ಥಾನದಲ್ಲಿ ಹೊರಬಂದಿತು. ಇಂತಹ ಹಾರಾಟಕ್ಕೆ ವೈಮಾನಿಕರ ವಲಯದಲ್ಲಿ ‘ಪಾರ್ಕರ್ ಪೆನ್ನಿನ ಗಂಟೆಗಳು’ ಎಂಬ ಹಳೆಯ ಹಾಸ್ಯದ ಹೆಸರಿದೆ. ಪೆನ್ನು ಒಳ್ಳೆಯದೇ, ಹಾರುವುದಿಲ್ಲವಷ್ಟೆ.

ಇನ್ನು ಬೇಡಿಕೆಯ ಮಾತು. ದೇಶದಲ್ಲಿ ಚಾಲಕರ ಕೊರತೆಯಿದೆ ಎಂಬ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ತರಬೇತಿ ಶಾಲೆಗಳ ಜಾಹೀರಾತುಗಳು ಅದನ್ನು ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕುತ್ತವೆ. ಸುದ್ದಿ ಸುಳ್ಳಲ್ಲ, ಆದರೆ ಅರ್ಧ. ಕೊರತೆಯಿರುವುದು ಎಡಗಡೆಯ ಕುರ್ಚಿಗೆ, ಎಂದರೆ ಸಾವಿರಾರು ಗಂಟೆಗಳ ಅನುಭವಿಗಳಿಗೆ. ಮಂಗಳೂರಿನ ದುರಂತದ ವಿಮಾನದಲ್ಲಿ ವಿದೇಶಿ ಕಮಾಂಡರ್ ಇದ್ದುದು ಈ ಕೊರತೆಯ ಕಾಲದಲ್ಲಿಯೇ. ಅದೇ ವರ್ಷಗಳಲ್ಲಿ ಪರವಾನಗಿ ಹಿಡಿದ ನಮ್ಮ ತರುಣರು ಕೆಲಸವಿಲ್ಲದೆ ಅಲೆಯುತ್ತಿದ್ದರು. ನರ್ಸರಿಯಲ್ಲಿ ಸಸಿಗಳು ಒಣಗುತ್ತಿರುವಾಗ ತೋಪಿನಲ್ಲಿ ಫಲ ಬಿಡುವ ಮರಗಳಿಲ್ಲ ಎಂದ ಹಾಗೆ. 2023ರಲ್ಲಿ ದೇಶದಲ್ಲಿ 1,600ಕ್ಕೂ ಹೆಚ್ಚು ವಾಣಿಜ್ಯ ಪರವಾನಗಿಗಳನ್ನು ಕೊಡಲಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಗೋ ಫಸ್ಟ್ ಸಂಸ್ಥೆ ಮುಚ್ಚಿ, ಅದರ ಅನುಭವಿ ಚಾಲಕರೇ ಬೇರೆ ಬಾಗಿಲುಗಳನ್ನು ತಟ್ಟತೊಡಗಿದ್ದರು. ಅದಕ್ಕೂ ಮೊದಲು 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಕಿಂಗ್‌ಫಿಷರ್ ನಿಂತಿತು, ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ನಿಂತಿತು. ಒಂದೊಂದು ಸಂಸ್ಥೆ ಮುಚ್ಚಿದಾಗಲೂ ಹೊಸಬರ ಸರದಿ ಹಿಂದೆ ಹೋಯಿತು.

ಸರದಿ ಹಿಂದೆ ಹೋದರೆ ಕಾಯಬಹುದಲ್ಲ ಎಂದರೆ, ಈ ವಿದ್ಯೆ ಕಾಯುವ ಜಾತಿಯದಲ್ಲ. ಉಪಕರಣಗಳ ಆಧಾರದಿಂದ ಹಾರುವ ಅರ್ಹತೆಯನ್ನು ವರ್ಷವರ್ಷವೂ ನವೀಕರಿಸಬೇಕು. ದೊಡ್ಡ ವಿಮಾನದ ಸಾಮರ್ಥ್ಯ ಪರೀಕ್ಷೆ ಆರು ತಿಂಗಳಿಗೊಮ್ಮೆ. ವೈದ್ಯಕೀಯ ಪರೀಕ್ಷೆ ಬೇರೆ. ಪ್ರತಿಯೊಂದಕ್ಕೂ ಹಣ ಬೇಕು. ಬಿ.ಎ. ಪದವಿಯನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿದರೆ ಹತ್ತು ವರ್ಷಗಳ ನಂತರವೂ ಅದು ಬಿ.ಎ.ಯೇ. ಪರವಾನಗಿಯ ಸ್ವಭಾವ ಹಾನಗಲ್ಲಿನ ಮಾವಿನ ಹಣ್ಣಿನದು. ಸಂತೆಗೆ ಹೋಗದೆ ಮನೆಯಲ್ಲಿ ಉಳಿದರೆ ದಿನದಿನಕ್ಕೆ ಬೆಲೆ ಇಳಿಯುತ್ತದೆ. ಹೀಗೆ ಕಾದು ಸೋತವನ ಬಳಿಗೆ ಒಬ್ಬ ಮಧ್ಯವರ್ತಿ ಬಂದು, ಇನ್ನಿಷ್ಟು ಲಕ್ಷ ಕೊಟ್ಟರೆ ಇಂಥ ಸಂಸ್ಥೆಯಲ್ಲಿ ಸ್ಥಾನ ಖಂಡಿತ ಎಂದರೆ ಅವನು ಇಲ್ಲವೆನ್ನಲಾರ. ಅಷ್ಟು ಹಣ ಹಾಕಿದ ಮೇಲೆ ಇಷ್ಟಕ್ಕೆ ಹಿಂದೆಗೆಯುವುದೆ ಎಂದು ಮನೆಯವರೇ ಹೇಳುತ್ತಾರೆ. ಜೂಜಿನ ಕಟ್ಟೆಯಲ್ಲಿ ಕೇಳಿಬರುವ ಮಾತೂ ಇದೇ.

ಸಂಸ್ಥೆಗಳ ಪಕ್ಷದಲ್ಲಿಯೂ ಹೇಳುವುದಿದೆ. ಲಕ್ಷಗಟ್ಟಲೆ ಖರ್ಚು ಮಾಡಿ ಒಬ್ಬನನ್ನು ಸಿದ್ಧಪಡಿಸಿದರೆ ಅವನು ಮರುವರ್ಷವೇ ಐದು ಸಾವಿರ ಹೆಚ್ಚು ಕೊಡುವ ಎದುರು ಸಂಸ್ಥೆಗೆ ಹೊರಟುಹೋಗುತ್ತಾನೆ. ಆ ನಷ್ಟ ಯಾರು ಹೊರಬೇಕು? ಪ್ರಶ್ನೆ ನ್ಯಾಯವಾದುದೇ. ಇಷ್ಟು ವರ್ಷ ಸೇವೆ ಮಾಡಬೇಕೆಂಬ ಕರಾರು ಅದಕ್ಕಾಗಿಯೇ ಇರುವುದು. ಅದೂ ಸಾಲದೆಂದು 2017ರಲ್ಲಿ ಸರಕಾರವು ಕೆಲಸ ಬಿಡುವ ಕಮಾಂಡರ್ ಒಂದು ವರ್ಷ, ಸಹಚಾಲಕ ಆರು ತಿಂಗಳು ಮೊದಲೇ ಸೂಚನೆ ಕೊಡಬೇಕೆಂದು ವಿಧಿಸಿತು. ಮೆಕ್ಯಾನಿಕ್ಕಾಗಲಿ ಬ್ಯಾಂಕಿನ ಗುಮಾಸ್ತನಾಗಲಿ ಇಷ್ಟು ಬಿಗಿಯಾದ ಹಗ್ಗದಲ್ಲಿ ಕಟ್ಟಿಸಿಕೊಂಡಿಲ್ಲ. ಹಗ್ಗವೂ ಇರಲಿ, ಶುಲ್ಕವೂ ಇರಲಿ ಎಂದರೆ ಅದು ಒಂದೇ ಎತ್ತಿಗೆ ಎರಡು ನೊಗ. ಖರ್ಚು ಕೊಟ್ಟವನಿಗೆ ಕರಾರು ಬೇಡ. ಕರಾರಿಗೆ ಒಪ್ಪಿದವನಿಂದ ಖರ್ಚು ಬೇಡ.

ವೃತ್ತಿಗೆ ತಗಲುವ ನಷ್ಟ ಸಂಬಳದ ಪಟ್ಟಿಯಲ್ಲಿ ಪೂರ್ತಿ ಕಾಣಿಸುವುದಿಲ್ಲ. ಹೊಸಬರು ಒಬ್ಬರಾದ ಮೇಲೊಬ್ಬರು ಬಂದು ಕುಳಿತಾಗ ಎಡಗಡೆಯ ಹಿರಿಯನು ದಿನವೂ ಗುರುವಾಗಿಯೂ ಚಾಲಕನಾಗಿಯೂ ಏಕಕಾಲಕ್ಕೆ ದುಡಿಯಬೇಕಾಗುತ್ತದೆ. ಅವನ ದಣಿವಿಗೆ ಲೆಕ್ಕವಿಲ್ಲ. ಚಾಲಕರ ವಿಶ್ರಾಂತಿಯನ್ನು ಹೆಚ್ಚಿಸುವ ಹೊಸ ನಿಯಮಗಳು 2025ರಲ್ಲಿ ಜಾರಿಗೆ ಬಂದಾಗ, ದೇಶದ ಅತಿ ದೊಡ್ಡ ಸಂಸ್ಥೆಯಾದ ಇಂಡಿಗೋ ಅವಕ್ಕೆ ತಕ್ಕಷ್ಟು ಚಾಲಕರನ್ನು ಹೊಂದಿಸಿಕೊಳ್ಳದೆ ಡಿಸೆಂಬರಿನ ಮೊದಲ ದಿನಗಳಲ್ಲಿ ಸಾವಿರಾರು ಹಾರಾಟಗಳನ್ನು ರದ್ದು ಮಾಡಿತು. ಮದುವೆಗೆ ಹೊರಟವರು, ಆಸ್ಪತ್ರೆಗೆ ಹೊರಟವರು ನಿಲ್ದಾಣಗಳಲ್ಲಿ ರಾತ್ರಿ ಕಳೆದರು. ಕೊನೆಗೆ ಸಡಿಲಿಸಿದ್ದು ಏನನ್ನು? ನಿಯಮವನ್ನು, ಆ ಸಂಸ್ಥೆಗೆ ತಾತ್ಕಾಲಿಕ ವಿನಾಯಿತಿ ಕೊಡಲಾಯಿತು.

ಇನ್ನೊಂದು ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ: ಬರಬೇಕಾಗಿದ್ದು ಬಾರದೆ ಹೋದವರದು. ಆಯ್ಕೆಯ ಮೊದಲ ಪರೀಕ್ಷೆ ಹಣದ ಚೀಲದ್ದಾದರೆ, ಶಿಗ್ಗಾವಿಯ ಸರಕಾರಿ ಕಾಲೇಜಿನಲ್ಲಿ ಗಣಿತಕ್ಕೆ ನೂರಕ್ಕೆ ನೂರು ಪಡೆದ, ಕೈ ಸ್ಥಿರವಾದ, ತಲೆ ತಣ್ಣಗಿರುವ ಕೂಲಿಯವರ ಮಗ ಆ ಪರೀಕ್ಷೆಗೆ ಕೂರುವುದೇ ಇಲ್ಲ. ಭಾರತದ ಚಾಲಕರಲ್ಲಿ ಸುಮಾರು ನೂರಕ್ಕೆ 15 ಮಂದಿ ಸ್ತ್ರೀಯರು. ಜಗತ್ತಿನ ಸರಾಸರಿಯ ಸುಮಾರು ಮೂರು ಪಟ್ಟು. ಹೆಮ್ಮೆಪಡಬೇಕಾದ ಸಂಗತಿಯೇ. ಆದರೆ ಎರಡೆಕರೆ ಮಾರಿ ಒಬ್ಬರನ್ನು ಮಾತ್ರ ಕಳಿಸಬಹುದು ಎಂಬ ದಿನ ಬಂದಾಗ ನಮ್ಮ ಮನೆಗಳಲ್ಲಿ ಮಗಳ ಹೆಸರು ಮೊದಲು ಬರುವುದು ಅಪರೂಪ. ಮಗಳಿಗೆ ತೆಗೆದಿಟ್ಟ ಹಣದಲ್ಲಿ ಮಗ ಹಾರಲು ಹೋದ ಮನೆಗಳೂ ಇದ್ದಾವು.

ಇಷ್ಟಾದರೂ ಮಗುವಿನ ಹಟ ಗಟ್ಟಿಯಾಗಿದ್ದು, ಮನೆಯವರ ಮನಸ್ಸು ಒಪ್ಪಿದರೆ, ಕೆಲವು ಎಚ್ಚರಗಳನ್ನು ವಹಿಸಬಹುದು. ಮೊಟ್ಟಮೊದಲು ಮಾಡಿಸಬೇಕಾದದ್ದು ಮೊದಲ ದರ್ಜೆಯ ವೈದ್ಯಕೀಯ ಪರೀಕ್ಷೆ. ಶುಲ್ಕ ಕಟ್ಟಿದ ಮೇಲೆ ಬಣ್ಣಗುರುಡು ಇದೆಯೆಂದು ತಿಳಿಯುವುದಕ್ಕಿಂತ ಕಟ್ಟುವ ಮೊದಲು ತಿಳಿಯುವುದು ಮೇಲು. ಶಾಲೆಯಲ್ಲಿ ಎಷ್ಟು ವಿಮಾನಗಳು ಹಾರುವ ಸ್ಥಿತಿಯಲ್ಲಿವೆ, ಎಷ್ಟು ಬೋಧಕರಿದ್ದಾರೆ, 200 ಗಂಟೆ ಮುಗಿಸಲು ಹಿಂದಿನ ತಂಡದವರಿಗೆ ನಿಜವಾಗಿ ಎಷ್ಟು ತಿಂಗಳು ಹಿಡಿಯಿತು ಎಂಬುದನ್ನು ಆ ಹಿಂದಿನ ತಂಡದವರನ್ನೇ ಕೇಳಬೇಕು. ಕಚೇರಿಯಲ್ಲಿ ಕುಳಿತ ನಗುಮುಖದವರನ್ನಲ್ಲ. ಹಣವನ್ನು ಒಂದೇ ಸಲಕ್ಕೆ ಕಟ್ಟದೆ ಹಾರಿದ ಗಂಟೆಗಳಿಗೆ ತಕ್ಕಂತೆ ಕಟ್ಟುವ ಕರಾರು ಸಿಕ್ಕರೆ ಅದೇ ಒಳ್ಳೆಯದು. ಟೈಪ್ ರೇಟಿಂಗನ್ನು, ವಿಮಾನ ಸಂಸ್ಥೆಯೊಂದು ಲಿಖಿತವಾಗಿ ಆರಿಸಿಕೊಳ್ಳುವವರೆಗೆ, ಸ್ವಂತ ಹಣದಿಂದ ಮಾಡಿಸುವುದು ಬೇಡ. ಏರ್‌ಬಸ್ಸಿಗೆ ಕಲಿತವನನ್ನು ಬೋಯಿಂಗಿನವರು ಕರೆದರೆ ಆ ಹಣ ನೀರಿಗೆ ಹಾಕಿದಂತೆಯೇ. ಉದ್ಯೋಗದ ಭರವಸೆಯ ಪತ್ರದಲ್ಲಿ ಷರತ್ತುಗಳ ಭಾಗವನ್ನು ಊರಿನ ವಕೀಲರೊಬ್ಬರಿಗೆ ಓದಿಸಬೇಕು. ಸಂಸ್ಥೆ ಕರೆಯದಿದ್ದರೆ ಹಣ ಮರಳುವುದೆ, ಎಷ್ಟು ದಿನಗಳಲ್ಲಿ, ಯಾರಿಂದ ಎಂಬ ಮೂರಕ್ಕೂ ಅದರಲ್ಲಿ ಉತ್ತರವಿಲ್ಲದಿದ್ದರೆ ಆ ಪತ್ರಕ್ಕೆ ಬೆಲೆಯಿಲ್ಲ. ರಸೀದಿಯಿಲ್ಲದೆ ಹಣ ಕೇಳುವವನು ಎಷ್ಟೇ ದೊಡ್ಡವರ ಹೆಸರು ಹೇಳಲಿ, ಅವನಿಗೆ ಚಹಾ ಕೊಟ್ಟು ಕಳಿಸಬಹುದು.

ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆಯೂ ಒಂದಿದೆ. ವಿದ್ಯಾಭ್ಯಾಸದ ಸಾಲದ ಕಂತು ಸಾಮಾನ್ಯವಾಗಿ ಶಿಕ್ಷಣ ಮುಗಿದ ಕೆಲವು ತಿಂಗಳುಗಳಿಂದ ಒಂದು ವರ್ಷದೊಳಗೆ ಆರಂಭವಾಗುತ್ತದೆ, ಕೆಲಸ ಸಿಕ್ಕಿರಲಿ ಬಿಡಲಿ. ಆ ದಿನದಿಂದ ಎರಡು ವರ್ಷ ಹುಡುಗನ ಸಂಬಳವಿಲ್ಲದೆಯೇ ಕಂತು ಕಟ್ಟಬಲ್ಲೆವೆ ಎಂಬುದನ್ನು ಮನೆಯ ಎಲ್ಲರೂ ಕೂತು, ಮಳೆ ಕೈಕೊಟ್ಟ ವರ್ಷವನ್ನೂ ಸೇರಿಸಿ, ಕಾಗದದ ಮೇಲೆ ಲೆಕ್ಕ ಹಾಕಿ ನೋಡಬೇಕು. 82,000ವನ್ನು 24ರಿಂದ ಗುಣಿಸಿದರೆ 19 ಲಕ್ಷ 68 ಸಾವಿರವಾಗುತ್ತದೆ. ಲೆಕ್ಕವನ್ನು ಹುಡುಗನ ಮುಂದೆಯೇ ಮಾಡುವುದು ಲೇಸು. ಮುಂದೆ ಬಲಗಡೆಯ ಕುರ್ಚಿಯಲ್ಲಿ ಕೂರುವವನು ಅವನು.